ಮಕ್ಕಳ ಅಳತೆ

ಚಪಾಲ ಊರಿನ ವಲಸೆ ಕಚೇರಿಯ ಎದುರು
ಒಂದು ಸ್ಟೂಲು, ಬಿಳಿ ಪರದೆ, ಕತ್ತರಿ, ನಕಲು ಯಂತ್ರ.
ಇಷ್ಟೇ ನನ್ನ ಅಂಗಡಿ.
ಬಾಗಿಲ ಮೇಲೆ ಬರೆಸಿದ್ದೇನೆ: ಫೋಟೋ, ಮಕ್ಕಳ ಅಳತೆ.
ಬರುವವರೆಲ್ಲ ಅರವತ್ತೈದು ದಾಟಿದವರು.

ಹೆಸರು ನಾನಿಟ್ಟದ್ದಲ್ಲ, ಸರ್ಕಾರದ್ದೇ ಹಾಗೆ.
ಎರಡೂವರೆಗೆ ಮೂರು ಸೆಂಟಿಮೀಟರು.
ಒಂದನೇ ತರಗತಿಗೆ ಸೇರುವ ಹುಡುಗನಿಗೂ ಅಷ್ಟೇ ಜಾಗ,
ದುಡಿದು ಮುಗಿಸಿ ಬಂದ ಮುದುಕನಿಗೂ ಅಷ್ಟೇ.

ಇವತ್ತು ಬೆಳಿಗ್ಗೆ ಮಾರ್ವಾ ಟಿಲಟ್ಸನ್.
ಡುಲೂತಿನಲ್ಲಿ ಮೂವತ್ತೊಂದು ಚಳಿಗಾಲ
ಹಿಮ ಬಾಚುವ ಲಾರಿ ಓಡಿಸಿದವಳು.
ಸ್ಟೂಲಿನ ಮೇಲೂ ಸ್ಟಿಯರಿಂಗು ಹಿಡಿದ ಹಾಗೇ ಕೂತಳು.

ಕನ್ನಡಕ ತೆಗೀರಿ ಅಂದೆ. ತೆಗೆದಳು.
ಓಲೆ ತೆಗೀರಿ.
ಅದು ಬರಲಿಲ್ಲ. ತಿರುಪು ಬಿಗಿದು ಕೂತಿತ್ತು.
ಎಪ್ಪತ್ತನಾಲ್ಕನೇ ಇಸವಿಯಲ್ಲಿ ಹಾಕಿದ್ದಂತೆ,
ಹಾಕಿದವನು ಹೋಗಿ ಎರಡು ವರ್ಷವಂತೆ.
ಕತ್ತರಿಗೆಂದು ಇಟ್ಟ ಎಣ್ಣೆ ಒಂದು ತೊಟ್ಟು ಬಿಟ್ಟು
ಕಾದೆವು, ಇಬ್ಬರೂ, ಮಾತಿಲ್ಲದೆ.
ಆಮೇಲೆ ಕೂದಲು ಹಿಂದಕ್ಕೆ. ಹಣೆ ಕಾಣಬೇಕು, ಕಿವಿ ಕಾಣಬೇಕು.
ಕಿವಿಯೊಳಗಿನ ಯಂತ್ರವೂ ಮೇಜಿಗೆ ಬಂತು,
ಬೆಂದ ಅವರೆಕಾಳಿನಷ್ಟು.

ಈಗ ಅವಳಿಗೆ ನಾನು ಕಾಣೆ, ನನ್ನ ಮಾತು ಕೇಳದು.
ನಗಬೇಡಿ ಅಂದದ್ದು ಗೋಡೆಗೆ ಬಿತ್ತು.
ನಕ್ಕಳು.
ಗದ್ದಕ್ಕೆ ಎರಡು ಬೆರಳು ಕೊಟ್ಟು ಬಲಕ್ಕೆ ತಿರುಗಿಸಿದೆ.
ಪರದೇಶದ ಹೆಂಗಸರ ಗದ್ದ ಮುಟ್ಟುವ ಸಲಿಗೆ
ಈ ಬೀದಿಯಲ್ಲಿ ನನಗೊಬ್ಬನಿಗೇ.

ಹೊರಗೆ ಬೆಂಚಿನ ಮೇಲೆ ದಿನಾ ಅದೇ ಚರ್ಚೆ,
ಮಾತ್ರೆಗಳ ಬಗ್ಗೆ ಆಡುವ ಧಾಟಿಯಲ್ಲೇ.
ಆರು ತಿಂಗಳ ಪ್ರವಾಸಿ ಚೀಟಿ ಸಾಕಪ್ಪ,
ಮುಗಿಯುವ ಹೊತ್ತಿಗೆ ಗಡಿಯಾಚೆ ಒಂದು ಊಟ ಮಾಡಿ ಬಂದರೆ
ಮತ್ತೆ ಹೊಸ ಅತಿಥಿ, ಅನ್ನುತ್ತಾನೆ ಒಬ್ಬ.
ತಾತ್ಕಾಲಿಕ ವಾಸವೇ ಸರಿ, ಮೊದಲು ಒಂದು ವರ್ಷ, ಆಮೇಲೆ ಮೂರು.
ಇಲ್ಲ ಇಲ್ಲ, ಶಾಶ್ವತವೇ ಲೇಸು,
ಪಿಂಚಣಿ ತೋರಿಸು, ಉಳಿತಾಯ ತೋರಿಸು,
ಮತ್ತೆ ಈ ಸಾಲಿನಲ್ಲಿ ನಿಲ್ಲುವ ಹಾಗಿಲ್ಲ, ಅನ್ನುವಾತನಿಗೆ ಎಂಬತ್ತಮೂರು.
ಅವನ ಊರುಗೋಲಿಗೇ ಒಂದು ಊರುಗೋಲು ಬೇಕು.

ಶಾಶ್ವತ ಅನ್ನುವುದು ನಮ್ಮಲ್ಲಿ ಪಾದ್ರಿಯ ಮಾತು.
ಇಲ್ಲಿ ಕಿಟಕಿಯ ಹಿಂದೆ ಕೂತ ಯಾದಿರಾ
ಚ್ಯೂಯಿಂಗ್ ಗಮ್ ಅಗಿಯುತ್ತ ಹೇಳುತ್ತಾಳೆ:
ಶಾಶ್ವತಕ್ಕೆ ಬ್ಯಾಂಕಿನಲ್ಲಿ ಕಟ್ಟಿ ರಸೀತಿ ತನ್ನಿ.

ನಿನಗೆ ಯಾವುದು, ಕೇಳಿದೆ ಮಾರ್ವಾಳನ್ನು,
ಯಂತ್ರ ಮತ್ತೆ ಕಿವಿಗೇರಿದ ಮೇಲೆ.
ತಾತ್ಕಾಲಿಕ, ಅಂದಳು.
ಪಿಂಚಣಿ ಸಾಲದೇ?
ಪಿಂಚಣಿಗೇನು. ಪಿಕಪ್ಪಿಗೆ ಮಿನಸೋಟದ ನಂಬರು.
ಶಾಶ್ವತ ಆದರೆ ಅದನ್ನಿಲ್ಲಿ ಇಟ್ಟುಕೊಳ್ಳುವ ಹಾಗಿಲ್ಲವಂತೆ.
ಗಾಡಿ ಅವನದು.
ಇನ್ನು ನಾಲ್ಕು ವರ್ಷ ಓಡೀತು.
ಆಮೇಲೆ ನೋಡೋಣ, ಮೊದಲು ಯಾರು ನಿಲ್ಲುತ್ತೇವೋ.

ಗಾಜಿನ ಕೆಳಗೆ ಇನ್ನೊಂದು ಫೋಟೋ ಕಂಡು ಕೇಳಿದಳು,
ಇದೇಕೆ ಇಷ್ಟು ದೊಡ್ಡದು?
ಅದು ನಿಮ್ಮ ದೇಶದ ಅಳತೆ, ಅಂದೆ, ಎರಡಿಂಚು ಚೌಕ.
ನಮ್ಮತ್ತಿಗೆ ಯೂಫ್ರೊಸಿನಾ. ಮಗಳ ಹೆರಿಗೆಗೆಂದು
ಫ್ರೆಸ್ನೋಗೆ ಹೋಗಲು ಅರ್ಜಿ ಹಾಕಿದಳು, ನಾಲ್ಕು ಸಲ.
ನಾಲ್ಕು ಸಲವೂ ನಾನೇ ತೆಗೆದೆ.
ಕನ್ನಡಕ ಇಲ್ಲ, ನಗು ಇಲ್ಲ, ಎಲ್ಲ ಸರಿಯಾಗೇ ಇತ್ತು.
ಅಳತೆ ದೊಡ್ಡದೇ. ಅವಳು ಮಾತ್ರ ಹಿಡಿಸಲಿಲ್ಲ.
ಆ ಮಗು ಈಗ ಎರಡನೇ ತರಗತಿ.

ಮಾರ್ವಾ ಏನೂ ಅನ್ನಲಿಲ್ಲ.
ಚಿಲ್ಲರೆ ಎಣಿಸಿದಳು, ಎರಡು ಸಲ.

ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಿಗೆ ವಾಪಸು ಬಂದಳು.
ಹಲ್ಲು ಕಾಣುತ್ತದೆ, ನಡೆಯುವುದಿಲ್ಲ ಅಂದಳಂತೆ ಯಾದಿರಾ.
ಮತ್ತೆ ಸ್ಟೂಲು. ಮತ್ತೆ ಕನ್ನಡಕ ಕೆಳಗೆ.
ಎಣ್ಣೆ ಡಬ್ಬಿಗೆ ಕೈ ಹಾಕಿದೆ.
ಬೇಡ, ಅಂದಳು.
ಈ ಸಲ ತಿರುಪು ಸಲೀಸಾಗಿ ಬಂತು.