ಕಣ್ಣಿದ್ದ ಅರ್ಧ

ಕೇಪ್‌ಟೌನಿನ ಹಡಗಿಗೆ ಇನ್ನೂ ಹನ್ನೊಂದು ದಿನ.
ಟ್ರಿಸ್ಟನ್ ದ್ವೀಪದಲ್ಲಿ ಸೆಪ್ಟೆಂಬರ್ ಗಾಳಿ,
ಚೀಲದ ತಳದ ಆಲೂಗಡ್ಡೆಗಳೆಲ್ಲ ಮೊಳಕೆಯೊಡೆದಿವೆ.

"ತಿನ್ನಬಹುದಾ?" ಎಂದ ಮೊಮ್ಮಗ ಆರ್ಚಿ.
ಸೆಲೀನಾ ಹೆಬ್ಬೆರಳಲ್ಲಿ ಒತ್ತಿ ನೋಡಿದಳು.
ಗಟ್ಟಿಯಿದ್ದರೆ ಮೊಳಕೆ ಕಿತ್ತು, ಕಣ್ಣನ್ನು ಆಳಕ್ಕೆ ಕೆತ್ತಿ, ಬೇಯಿಸು.
ಸುಕ್ಕಿದ್ದರೆ ಬೇಡ.
ಹಸಿರಾಗಿದ್ದರಂತೂ ಬೇಡವೇ ಬೇಡ,
ಆ ಕಹಿ ಕುದಿನೀರಿಗೂ ಬಗ್ಗುವುದಿಲ್ಲ.

ಗಂಡ ಸಮುದ್ರಪಾಲಾದ ವರ್ಷ
ಹಸಿರನ್ನೇ ಬೇಯಿಸಿ ಉಂಡಿದ್ದಳು;
ರಾತ್ರಿಯಿಡೀ ಬಕೆಟ್ಟಿನ ಜೊತೆ ಮಾತು.
ಅದನ್ನು ಹೇಳಲಿಲ್ಲ.

ಕೊನೆಯದೊಂದು ಉಳಿಯಿತು.
ಒಂದೇ ಮೊಳಕೆ, ನೇರಳೆ,
ಹಸುಗೂಸಿನ ಮೊದಲ ಹಲ್ಲಿನಷ್ಟು.
ಚಾಕು ಇಟ್ಟಳು. ತೆಗೆದಳು.
ಕಿಟಕಿಯಾಚೆ ಅಗೆದಿಟ್ಟ ಪಾತಿ,
ಇತ್ತ ಆರ್ಚಿಯ ಖಾಲಿ ತಟ್ಟೆ.

ಎರಡು ಹೋಳು ಮಾಡಿದಳು:
ಕಣ್ಣಿದ್ದದ್ದು ಪಾತಿಗೆ,
ಕುರುಡು ಪಾತ್ರೆಗೆ.