ಬೋಣಿ

ಕೆಳಗೆ ಮತ್ತೆ ಸುತ್ತಿಗೆ ಸದ್ದು.
ಹಲಗೆ ಕೀಳುತ್ತಿದ್ದಾರೆ. ಮೊಬೈಲ್ ಕವರಿನವನ ಹೆಸರು
ಹೋದ ತಿಂಗಳೇ ಅರ್ಧ ಉದುರಿತ್ತು.
ಚಹಾ ಹಿಡಿದು ಮೇಲೆ ಕೂತು
ಯಾರು ಬರುತ್ತಾರೆಂದು ಮೂಗಿನಿಂದ ಆಲಿಸುತ್ತೇನೆ.
ಅರವತ್ತೆರಡು ವರ್ಷದಿಂದ ಹೀಗೇ:
ಹೈಸ್ಟ್ರೀಟಿನ ಹದಿನೇಳನೇ ನಂಬರಿನ ವಾಸನೆ
ನೆಲದ ಸಂದಿಯಿಂದ ಹತ್ತಿ ಬಂದು
ಮೊದಲು ನನ್ನ ಪರದೆಗೆ, ಆಮೇಲೆ ಊರಿಗೆ.

ಮದುವೆಯಾಗಿ ಬಂದಾಗ ಇಫೊರ್ ಪ್ರಾಸರ್ ಇದ್ದ:
ಮೊಳೆ, ಸರಪಳಿ, ಸೀಮೆಎಣ್ಣೆ,
ಗಣಿಗಿಳಿಯುವವರ ತಗಡಿನ ಬುತ್ತಿ.
ತಕ್ಕಡಿಯಲ್ಲಿ ಒಂದು ಮೊಳೆ ಹೆಚ್ಚಾದರೆ ಹೆಕ್ಕಿ ತೆಗೆದು,
ಭಾನುವಾರ ಚಾಪೆಲಿನಲ್ಲಿ
ಔದಾರ್ಯದ ಬಗ್ಗೆ ಮಾತಾಡುತ್ತಿದ್ದ.
ಅವನ ಹೆಂಡತಿಯೇ ನನಗೆ ಕಲಿಸಿದ್ದು:
ಹೊಸ ಅಂಗಡಿಗೆ ಬೋಣಿ ಮಾಡುವವಳ ಕೈ
ಖಾಲಿ ಇರಬಾರದು. ನಾಲಿಗೆ ಕಹಿ ಇರಬಾರದು.

ಇಫೊರ್ ಸತ್ತ ಮೇಲೆ ಎತ್ತೊರೆ.
ಅವನಪ್ಪ ಇಟಲಿಯ ಬೆಟ್ಟದಿಂದ ನಡೆದೇ ಬಂದವನಂತೆ;
ಅರ್ಧ ದಾರಿ, ಎಂದು ಅವನ ಹೆಂಡತಿ ತಿದ್ದುತ್ತಿದ್ದಳು.
ಮೊದಲ ದಿನ ಇಳಿದು ಹೋಗಿ
ಒಂದು ಐಸ್‌ಕ್ರೀಂ ಕೊಂಡೆ. ಫೆಬ್ರವರಿ. ಹೊರಗೆ ಹಿಮ.
ನಿಂತೇ ತಿಂದೆ. ಹಲ್ಲು ಜುಮ್ಮೆಂದು ಕಣ್ಣಲ್ಲಿ ನೀರು.
ಅಳುತ್ತಿದ್ದಾಳೆಂದುಕೊಂಡು ಆ ದೊಡ್ಡ ಮನುಷ್ಯ
ಕಾಸು ಬೇಡವೆಂದ.
ಬೋಣಿ ಕಾಸು ಬೇಡವೆನ್ನಬಾರದು, ಎಂದು ಗದರಿ
ಆರು ಪೆನ್ನಿಯ ನಾಣ್ಯ ಗಲ್ಲಾದ ಮೇಲೆ ಬಡಿದೆ.
ಹದಿನೈದು ವರ್ಷ ನಡೆಯಿತು ಆ ಅಂಗಡಿ.
ನನ್ನಿಂದಲ್ಲ, ಅವನ ಕಾಫಿ ಯಂತ್ರದಿಂದ. ಆದರೂ.
ನನ್ನ ಎರಡೂ ಮಕ್ಕಳು
ಅದರ ಬುಸುಬುಸು ಕೇಳಿದರೇ ನಿದ್ದೆ ಹೋಗುತ್ತಿದ್ದುದು.

ಎಂಬತ್ತನಾಲ್ಕು. ಗಣಿ ಮುಷ್ಕರ.
ಎತ್ತೊರೆ ಮಗಳ ಮನೆ ಸೇರಿದ್ದ, ಅಂಗಡಿ ಖಾಲಿ,
ಬೀಗದ ಕೈ ನನ್ನ ಹತ್ತಿರ.
ಯಾರನ್ನೂ ಕೇಳಲಿಲ್ಲ, ಬಾಗಿಲು ತೆಗೆದೆ.
ಐಸ್‌ಕ್ರೀಂ ತೊಟ್ಟಿಯಲ್ಲಿ ಆಲೂಗಡ್ಡೆ,
ಯಾವ ಯಾವ ದೇಶದಿಂದಲೋ ಬಂದ ಡಬ್ಬಿಗಳು,
ಓದಲಾಗದ ಚೀಟಿ; ತೆರೆದ ಮೇಲೆಯೇ
ಮೀನೋ ಬಟಾಣಿಯೋ ಗೊತ್ತು.
ಆ ವರ್ಷ ಬೋಣಿ ಇಲ್ಲ.
ಕೊಡುವವರಿದ್ದರು, ಕೊಳ್ಳುವವರಿರಲಿಲ್ಲ.
ನನ್ನ ಗಂಡ ಡಿಲ್ವಿನ್ ಎಲ್ಲರ ಜೊತೆ ಸಾಲಿನಲ್ಲಿ ನಿಂತ,
ಮುಂದೆ ಬಾ ಎಂದರೂ ಬರಲಿಲ್ಲ,
ಸರದಿ ಬಂದಾಗ ಟೋಪಿ ತೆಗೆದು
‘ಮಿಸೆಸ್ ಗೆಥಿನ್’ ಎಂದ, ಪರಿಚಯವೇ ಇಲ್ಲದವನಂತೆ.
ನಾನೂ ಚೀಲ ಕೊಟ್ಟೆ, ಪಟ್ಟಿಯಲ್ಲಿ ಗೀಟು ಹಾಕಿದೆ.
ರಾತ್ರಿ ಅದನ್ನೇ ಬೇಯಿಸಿಕೊಂಡೆವು.
ನಗಬಹುದಿತ್ತು.

ಆಮೇಲಿನವರನ್ನು ಎಣಿಸುವುದು ಕಷ್ಟ.
ಕಂಪಾಲದಿಂದ ಬಂದಿದ್ದ ಜಶವಂತಿ ವೀಡಿಯೊ ಲೈಬ್ರರಿ ಇಟ್ಟಳು.
ಯಂತ್ರವೇ ಇರದ ನಾನು
ಒಂದು ಕ್ಯಾಸೆಟ್ ಬಾಡಿಗೆಗೆ ತಂದು, ರಾತ್ರಿಯೆಲ್ಲ ಮೇಜಿನ ಮೇಲಿಟ್ಟು,
ಮರುದಿನ ವಾಪಸು ಕೊಟ್ಟೆ. ಹೇಗಿತ್ತು?
ಭಯಾನಕ, ಎಂದೆ.
ಅವಳು ಕವರ್ ತಿರುಗಿಸಿ ನೋಡಿದಳು: ಮಕ್ಕಳ ಚಿತ್ರ,
ಕೊಡೆ ಹಿಡಿದ ಕರಡಿ.
ಹೌದು ಆಂಟಿ, ಆ ಕರಡಿ ಸರಿಯಿಲ್ಲ, ಎಂದಳು.

ಬಾಜಿ ಕಟ್ಟುವವರು. ಕೊಳವೆ ದೀಪದಲ್ಲಿ ಬಿಸಿಲು ಮಾರುವವರು.
ಎರಡು ಸಲ ಯಾರೂ ಇಲ್ಲ, ಬರೀ ತೇವದ ವಾಸನೆ.
ಹಳೆ ಬಟ್ಟೆಯ ಧರ್ಮದಂಗಡಿ ಬಂದಾಗ
ಡಿಲ್ವಿನ್ ಹೋಗಿ ಆರು ತಿಂಗಳು. ಅವನ ಕೋಟು ಕೊಟ್ಟೆ.
ಮೂರು ದಿನ ಗಾಜಿನ ಹಿಂದೆ ತಲೆಯಿಲ್ಲದೆ ನಿಂತಿತ್ತು;
ನಾಲ್ಕನೇ ದಿನ ಬಸ್ ಸ್ಟಾಪಿನಲ್ಲಿ
ಯಾವುದೋ ಹುಡುಗನ ಮೇಲೆ, ತೋಳು ಉದ್ದ.

ಈಗ ನಿಂಬೆಯ ವಾಸನೆ. ನಿಂಬೆ, ಸಾಬೂನು, ಬಿಸಿ ಟವೆಲು.
ಇಳಿದು ನೋಡಿದರೆ ಕ್ಷೌರದಂಗಡಿ,
ಗಾಜಿನ ಮೇಲೆ ‘ಗಂಡಸರಿಗೆ ಮಾತ್ರ’.
ಹುಡುಗನ ಹೆಸರು ಹೀವಾ. ಕುರ್ದಿಸ್ತಾನದವನು,
ಮೂರು ಕುರ್ಚಿ, ಸಾಲ ಮಾಡಿ ತಂದದ್ದು, ಮೂರೂ ಖಾಲಿ.
ಎಂಬತ್ತನಾಲ್ಕರ ಮುದುಕಿ ಇಲ್ಲೇನು ಕೊಳ್ಳಬೇಕು?
ಕೂತೆ.
ಎಷ್ಟು? ಎಂದ. ಕಿವಿಯ ಮೇಲಕ್ಕೆ, ಎಂದೆ.
ಕನ್ನಡಿಯಲ್ಲಿ ಅವನ ಹಿಂದೆ, ಯಾರೂ ಕೀಳದ
ಇಫೊರನ ಕೊಕ್ಕೆ ಗೋಡೆಯಲ್ಲೇ ಇತ್ತು.

ಹತ್ತು ಪೌಂಡಿನ ನೋಟು ಕೊಟ್ಟಾಗ
ಅವನದಕ್ಕೆ ಮುತ್ತಿಟ್ಟು ಹಣೆಗೊತ್ತಿಕೊಂಡ.
ಅವರಲ್ಲೂ ಇದಕ್ಕೊಂದು ಮಾತಿದೆಯಂತೆ. ಹೇಳಿದ.
ನನ್ನ ನಾಲಿಗೆಗೆ ಬರಲಿಲ್ಲ.
ನೆಲದ ಮೇಲೆ ನನ್ನ ಬಿಳಿ ಕೂದಲು ಒಂದು ಹಿಡಿ;
ಎರಡನೇ ಗಿರಾಕಿ ಬರುವವರೆಗೂ
ಅವನದನ್ನು ಗುಡಿಸಲಿಲ್ಲ.