ಸೂರು

ಒಮಾನಿನ ಈ ಊರಿನ ಹೆಸರು ಸೂರ್.
ಮೊದಲ ವರ್ಷ ನಗು ಬರುತ್ತಿತ್ತು:
ಸೂರು ಅಂದರೆ ನಮ್ಮಲ್ಲಿ ಮಾಡಿನ ಅಂಚು, ನೀರಿಳಿಯುವ ಜಾಗ.
ಇಲ್ಲಿ ಇಳಿಯುವುದು ಏಸಿಯ ನೀರೊಂದೇ,
ಎಂಟನೇ ಕ್ಲಾಸಿನ ಕಿಟಕಿಯಾಚೆ, ನೀಲಿ ಬಕೆಟ್ಟಿಗೆ.

ಪುಸ್ತಕದಲ್ಲಿ ಒಂದು ಸಾಲಿದೆ:
ಈ ಬಂದರಿನಲ್ಲಿ ದಂತ, ಲವಂಗ, ಖರ್ಜೂರ, ಗುಲಾಮರ ವ್ಯಾಪಾರ ನಡೆಯುತ್ತಿತ್ತು.
ಹದಿಮೂರು ವರ್ಷ ಓದಿಸಿದ್ದೇನೆ,
ಅಲ್ಪವಿರಾಮ ಬಂದಲ್ಲೆಲ್ಲ ಉಸಿರು ತೆಗೆದುಕೊಳ್ಳುತ್ತ.
ಈ ಸಲ ಹಿಂದಿನ ಬೆಂಚಿನ ಶಹೀರಾ ಕೇಳಿದಳು,
"ಮಿಸ್, ಗುಲಾಮರನ್ನೂ ತೂಗುತ್ತಿದ್ದರಾ?"

ಜಾಣೆಯಾಗಲು ಹೋದೆ.
ಭೂಪಟದ ಮೇಲೆ ಬೆರಳಿಟ್ಟು
ಜಾಂಜಿಬಾರಿನಿಂದ ಸೂರಿಗೆ, ಸೂರಿನಿಂದ ನಮ್ಮ ಕರಾವಳಿಗೆ,
ಅಲ್ಲಿಂದ ಘಟ್ಟ ಹತ್ತಿಸಿ ಹಳಿಯಾಳದ ಕಾಡಿಗೆ ತಂದು
"ನೋಡಿ, ನಮ್ಮ ಇನಾಸ್ ಸಿದ್ದಿಯ ಹಿರಿಯರು" ಅಂದೆ.

ಮೂವತ್ತೊಂದು ಕತ್ತು ತಿರುಗಿದವು.
ಬಸ್ಸಿನಲ್ಲಿ ಅವನನ್ನು ಡಾಂಬರು ಅನ್ನುವವರದು,
ಅನ್ನದೆ ಸೀಟು ಬದಲಿಸುವವರದು.
ಇನಾಸ್ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ತೆಗೆದ.

ಗಂಟೆಯಾದ ಮೇಲೆ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತ.
"ನಾನು ಪಾಠ ಅಲ್ಲ ಮಿಸ್.
ಅಪ್ಪ ಗ್ಯಾಸ್ ಕಾರ್ಖಾನೆಯಲ್ಲಿ ವೆಲ್ಡರು.
ಹೇಳುವುದಾದರೆ ಅದನ್ನು ಹೇಳಬಹುದಿತ್ತು."
ಕೈಯಲ್ಲಿದ್ದ ಚಹಾದ ಮೇಲೆ ಕೆನೆ ಕಟ್ಟಿತು.

ರಾತ್ರಿ ಗಂಗೊಳ್ಳಿಗೆ ಫೋನು ಮಾಡಿದೆ.
ಅಮ್ಮಾ, ನಮ್ಮ ಮುತ್ತಜ್ಜನ ಅಪ್ಪನ ಮಚವೆ ಏನು ಹೊರುತ್ತಿತ್ತು?
"ಹೋಪತಿಗೆ ಹೆಂಚ್. ಮತ್ತೆಂತ?"
ಬಪ್ಪತಿಗೆ?
"ಖರ್ಜೂರ,"
ಅಂದವಳು ಅಲ್ಲೇ ನಿಂತಳು.
ಎರಡು ದಡದ ನಡುವೆ
ಅಷ್ಟು ಉದ್ದದ ಅಲ್ಪವಿರಾಮವನ್ನು
ಯಾವ ವ್ಯಾಕರಣದಲ್ಲೂ ಕಂಡಿಲ್ಲ ನಾನು.

ಶುಕ್ರವಾರ ತಮ್ಮನ ಮಗ ಅಟ್ಟ ಹತ್ತಿ
ಗೆದ್ದಲು ತಿಂದ ಲೆಕ್ಕದ ಪುಸ್ತಕದ ಫೋಟೋ ಕಳಿಸಿದ.
ಹಿಗ್ಗಿಸಿ ನೋಡಿದೆ, ಮತ್ತೆ ಹಿಗ್ಗಿಸಿ:
ಖರ್ಜೂರ ೪೦ ಮೂಟೆ
ಒಣಮೀನು ೧೨
ಹಬಶಿ ೧

ಹೆಂಚು ಹೊತ್ತ ದುಡ್ಡಲ್ಲಿ ಎದ್ದ ಮನೆ ಅದು.
ಬಿ.ಎಡ್. ಮಾಡಿದ್ದು, ಚಿನ್ನ ಅಡವಿಟ್ಟು ವೀಸಾ ತೆಗೆದದ್ದು,
ಎಲ್ಲ ಆ ಪುಸ್ತಕದ ಮುಂದಿನ ಪುಟಗಳು.

ಇಲ್ಲಿ ಭಾನುವಾರ ಶಾಲೆ.
ಬೋರ್ಡಿನ ಮೇಲೆ ಅದನ್ನೇ ಬರೆದೆ, ಅದೇ ಅಂಕಿಯಲ್ಲಿ.
ಕನ್ನಡ ಬಾರದವರಿಗೆ ೧ ಒಂದು ಸೊನ್ನೆಯಂತೆ ಕಂಡಿತು,
ಮುಚ್ಚಲು ಮರೆತ ಸೊನ್ನೆ.
"ಇದು ಒಬ್ಬ ಮನುಷ್ಯ.
ಕೊಂಡದ್ದು ನಮ್ಮ ಮನೆಯವರು.
ಹೆಸರು ಬರೆದುಕೊಂಡಿಲ್ಲ.
ಇವತ್ತು ತಿರುಗಿ ನೋಡುವುದಾದರೆ ನನ್ನನ್ನು ನೋಡಿ."

ನೋಡಿದರು. ಸೀರೆಯ ನೆರಿಗೆ ಎಲ್ಲಿಡಲಿ ತಿಳಿಯಲಿಲ್ಲ.
ಯಾರೋ ಕೆಮ್ಮಿದರು. ಬಕೆಟ್ಟಿನಲ್ಲಿ ನೀರಿನ ಸದ್ದು.

ಪೋರ್ಷನ್ ಮುಗಿದಿಲ್ಲ, ಪರೀಕ್ಷೆಗೆ ಇದು ಬರುವುದಿಲ್ಲ,
ಪ್ರಿನ್ಸಿಪಾಲರು ಕಾರಿಡಾರಿನಲ್ಲಿ ಎರಡು ಸಲ ಹಾದುಹೋದರು.

ಆಗ ಇನಾಸ್ ಕೈ ಎತ್ತಿದ.
ಅವನದು ಸಣ್ಣ ಪ್ರಶ್ನೆ, ಲೆಕ್ಕದ ಪುಸ್ತಕ ಕೇಳದೇ ಬಿಟ್ಟದ್ದು:
"ಅವರು ಊಟಕ್ಕೆ ಎಲ್ಲಿ ಕೂರುತ್ತಿದ್ದರು ಮಿಸ್?"

ಗೊತ್ತಿಲ್ಲ ಅಂದೆ.
ಗೊತ್ತಿತ್ತು.
ಅಂಗಳದ ಆ ಕಲ್ಲು, ಎಲೆ ಹಾಸಿ ಎತ್ತರದಿಂದ ಬಡಿಸುವ ಜಾಗ,
ನಾನೇ ಚಿಕ್ಕಂದಿನಲ್ಲಿ ಬೇರೆಯವರಿಗೆ ನೀರು ಎರೆದದ್ದು.

"ಹೊರಗೆ," ಅಂದೆ ಮತ್ತೆ,
"ಸೂರಿನ ಕೆಳಗೆ."

ಅವನು ಬರೆದುಕೊಂಡ.
ಊರ ಹೆಸರೆಂದೇ ತಿಳಿದನೋ ಏನೋ,
ನಾನು ತಿದ್ದಲಿಲ್ಲ.